ಮುಚ್ಚಿದ ಬಾಗಿಲು ಮತ್ತು ಹೆಚ್ಚಿಟ್ಟ ಸೇಬು

ಇಂದ,
ತಮ್ಮ ಒಬ್ಬನೇ ಮಗ,
ದಾಖಲೆ ವಿಭಾಗದ ಗುಮಾಸ್ತ,
ಸದ್ಯ ತಮ್ಮ ಕೋಣೆಯ ಬಾಗಿಲ ಹೊರಗೆ.

ಗೆ,
ಅಮ್ಮನವರು,
ಅದೇ ಬಾಗಿಲ ಒಳಗೆ.

ವಿಷಯ: ತಾವು ಹೊರಗೆ ಬಂದು ಊಟಕ್ಕೆ ಕೂರುವ ಬಗ್ಗೆ.

ಉಲ್ಲೇಖ: ಮೊನ್ನೆ ಸಂಜೆ ನಾನು ತಮ್ಮ ಮೇಲೆ ಕೂಗಾಡಿದ್ದು.

ಮಾನ್ಯ ಅಮ್ಮನವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ತಮ್ಮ ಮೊಮ್ಮಗಳು, ವಯಸ್ಸು ನಾಲ್ಕೂವರೆ, ಜ್ವರ ಬಿಟ್ಟ ಮೇಲೂ ಸೊರಗಿದ್ದ ಕಾರಣ ಡಾಕ್ಟರಿಗೆ ತೋರಿಸಲಾಯಿತು. "ಹೆಚ್ಚಿಟ್ಟ ಸೇಬು ಗಾಳಿಗೆ ಕಪ್ಪಾಗಲ್ವಾ? ಮೈಯೊಳಗೂ ಅಂಥದ್ದೇ ಒಂದು ಸವೆತ ಇರುತ್ತೆ. ಅದನ್ನ ತಡೆಯೋಕೆ ಆಂಟಿಆಕ್ಸಿಡೆಂಟ್ ಬೇಕು. ಬಣ್ಣಬಣ್ಣದ ಹಣ್ಣು ತರಕಾರಿ ಕೊಡಿ, ಮಾತ್ರೆ ಗೀತ್ರೆ ಬೇಡ," ಎಂದರು.

2. ಆದ್ದರಿಂದ ಕಚೇರಿಯಲ್ಲಿದ್ದಂತೆ ಮನೆಯಲ್ಲೂ, ಹಣ್ಣು ತರಕಾರಿ ಹಂಚಿದ ಲೆಕ್ಕಕ್ಕೆ, ಒಂದು ವಹಿ ತೆರೆದೆ. ಮಗು ತಟ್ಟೆ ಖಾಲಿ ಮಾಡಿ ತಂದರೆ ವಹಿಗೊಂದು, ಅವಳ ಅಂಗೈಗೊಂದು ಸೀಲು. ಮೂವತ್ತು ದಿನವೂ ತಪ್ಪದೆ ಸೀಲು ಬಿತ್ತು. ತೂಕ ಮಾತ್ರ ಎಳ್ಳಷ್ಟೂ ಏರಲಿಲ್ಲ. ಕಚೇರಿಯಲ್ಲೂ ಹೀಗೇ ಆಗುತ್ತದೆ, ಆದರೆ ಅಲ್ಲಿ ಯಾರೂ ತೂಕ ನೋಡುವುದಿಲ್ಲ.

3. ಮೊನ್ನೆ ಬೀಟ್‌ರೂಟ್ ಕೊಟ್ಟು ತನಿಖೆ ಮಾಡಲಾಗಿ, ಮಗುವಿನ ನಾಲಿಗೆ ಎಂದಿನಂತಿತ್ತು, ತಮ್ಮದು ಕೆಂಪಗಿತ್ತು. ನಾನು ಕೋಪದ ಕೈಗೆ ಬುದ್ಧಿ ಕೊಟ್ಟು, "ಮಗು ಪಾಲಿನದ್ದನ್ನೂ ಬಿಡಲ್ವೇನಮ್ಮಾ?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು. ತಾವು ಎದ್ದು ಹೋಗಿ ಬಾಗಿಲು ಹಾಕಿಕೊಂಡಿರಿ. ಅಂದಿನಿಂದ ಊಟವನ್ನೂ ಒಳಗೇ ತರಿಸಿಕೊಳ್ಳುತ್ತಿದ್ದೀರಿ.

4. ಅಂದಿನಿಂದ ಮಗುವೂ ಹಣ್ಣು ಮುಟ್ಟಿಲ್ಲ. ಕಾರಣ ಕೇಳಲಾಗಿ: "ನೀನು ಎಲ್ಲಾರ್ಗೂ ಹಣ್ಣು ಕೊಡ್ತೀಯ, ಅಜ್ಜಿಗೆ ಮರ್ತುಬಿಡ್ತೀಯ. ಅದಕ್ಕೆ ನಾನೇ ಕೊಟ್ಟೆ. ಅಜ್ಜಿ ಬೇಡ ಬೇಡ ಅಂದ್ರು, ನಾನೇ ಬಾಯಿಗೆ ಇಟ್ಟೆ."

ವಹಿಯನ್ನು ಮೊದಲ ಪುಟದಿಂದ ಪರಿಶೀಲಿಸಿದೆ. ಮಗುವಿಗೊಂದು ಕಾಲಂ, ನನ್ನ ಹೆಂಡತಿಗೊಂದು, ನನಗೊಂದು. ತಮ್ಮ ಹೆಸರಿಗೆ ಕಾಲಂ ಇಲ್ಲ. ಗೆರೆ ಎಳೆದವನು ನಾನೇ. ನಾಚಿಕೆಯಾಯಿತಮ್ಮ.

ಈ ಎಲ್ಲ ಕಾರಣಗಳಿಂದ, ತಪ್ಪೊಪ್ಪಿಗೆಯೊಂದಿಗೆ ತಿಳಿಸುವುದೇನೆಂದರೆ, ತಮಗೂ ಒಂದು ತಟ್ಟೆ ಇಟ್ಟಿದೆ, ಮೊಮ್ಮಗಳ ಪಕ್ಕದಲ್ಲೇ. ಅಜ್ಜಿ ಒಂದು ಹೋಳು ತಿಂದರೆ ತಾನೂ ಒಂದು ತಿನ್ನುವುದಾಗಿ ಅವಳು ಲಿಖಿತವಾಗಿ, ಅಂದರೆ ಬಣ್ಣದ ಚಿತ್ರ ಬರೆದು, ಒಪ್ಪಿಕೊಂಡಿದ್ದಾಳೆ.

ತಮ್ಮ ವಿಶ್ವಾಸಿ ಎಂದು ಬರೆಯಲು ಸದ್ಯ ಮುಖವಿಲ್ಲದ,
ತಮ್ಮ ಮಗ

ಲಗತ್ತು:
ಅ) ಸದರಿ ಚಿತ್ರ. ಅದರಲ್ಲಿ ದಪ್ಪಗಿರುವವರು ತಾವು.
ಆ) ನಾಲ್ಕು ಕಾಲಂ ಇರುವ ಹೊಸ ವಹಿ.
ಇ) ಸೀಲು. ಇನ್ನು ಮುಂದೆ ತಮ್ಮ ವಶಕ್ಕೆ.
ಈ) ಹೆಚ್ಚಿದ ಸೇಬು, ಎರಡು ತಟ್ಟೆ. ಬಾಗಿಲ ಕೆಳಗೆ ತೂರದ ಕಾರಣ ಹೊರಗೇ ಇದೆ.

ವಿ.ಸೂ.: ಸೇಬು ಕಪ್ಪಾಗತೊಡಗಿದೆ. ಆದ್ದರಿಂದ ಈ ಅರ್ಜಿಯನ್ನು ತುರ್ತೆಂದು ಪರಿಗಣಿಸಿ, ಚಿಲಕ ತೆಗೆಯಬೇಕಾಗಿ ಕೋರಿಕೆ.