ನಾಲ್ಕು ಬೋಳು ತಲೆ, ಎರಡು ಎಣ್ಣೆ

ಆ ಕಾಲಕ್ಕೆ ವಳಸಂಗದಲ್ಲಿ ವಿಜ್ಞಾನ ತಿಳಿದವನು ನಾನೊಬ್ಬನೇ. ಇದನ್ನು ಇವತ್ತು ಧೈರ್ಯವಾಗಿ ಹೇಳಬಹುದು. ಅಲ್ಲವೆನ್ನುವವರು ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡಿದ್ದಾರೆ! ಗುಡಿಯ ಮುಂದಿನ ಚಪ್ಪಲಿಗಳನ್ನು ಅದಲುಬದಲು ಮಾಡುವುದು, ಮಲಗಿದವರ ಮೀಸೆಗೆ ಬೆಲ್ಲ ಸವರುವುದು, ಇವೆಲ್ಲ ನನ್ನ ಚಾಷ್ಟಿಗಳು. ಆದರೆ ಐವತ್ತರ ದಶಕದ ಆ ವರ್ಷ ನಾನು ಮಾಡಿದ್ದು ಚಾಷ್ಟಿಯಲ್ಲ. ಪ್ರಯೋಗ!

ಕಾರಣ, ನಮ್ಮ ಮನೆಯಲ್ಲೇ ಇದ್ದ ನನ್ನ ಹೆಂಡತಿಯ ತಮ್ಮ ಸಿದ್ರಾಮ. ಬಂಗಾರದಂಥ ಹುಡುಗ, ಆದರೆ ಮದುವೆಗೆ ಮೊದಲೇ ನೆತ್ತಿ ಇಣುಕುತ್ತಿತ್ತು. ಹೆಣ್ಣಿನ ಕಡೆಯವರು ಬರುವರು, ಚಹಾ ಕುಡಿಯುವರು, ನೆತ್ತಿ ನೋಡಿ ಎದ್ದು ಹೋಗುವರು. ಈಗ ತಡವಳದ ಗೌಡರ ಮಗಳ ಮಾತು ನಡೆದಿತ್ತು. ಇದೂ ತಪ್ಪಿದರೆ ಅವನು ಸನ್ಯಾಸಿಯೇ.

"ನಮ್ಮವ್ವನ ಎಣ್ಣಿ ಹಚ್ಚೂಣ್ರಿ. ಗರಗದ ಸೊಪ್ಪು ಹಾಕಿ ಕಾಸ್ಯಾಳ," ಎಂದಳು ಹೆಂಡತಿ ಗಂಗವ್ವ.

"ಅದನ್ನ ಹಚ್ಚಿ ಹಚ್ಚಿ ನಿಮ್ಮಪ್ಪನ ತಲಿ ತಾಮ್ರದ ಹಂಡೆ ಆಗ್ಯಾದ! ನನ್ನ ಎಣ್ಣಿ ಹಚ್ಚು. ಕುಸುಬಿ ಎಣ್ಣ್ಯಾಗ ಉಳ್ಳಾಗಡ್ಡಿ ಹುರದೀನಿ."

"ಅದನ್ನ ನೀವು ರೊಟ್ಟಿಗಿ ಹಚ್ಕೊಂಡು ತಿನ್ರಿ."

ಈ ಜಗಳ ಬಿಡಿಸಿದ್ದು ವಿಜ್ಞಾನ. ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಶೇತಕಿ ಖಾತೆಯ, ಅಂದರೆ ಕೃಷಿ ಇಲಾಖೆಯ, ದೇಶಮುಖ ಸಾಹೇಬರು ನಮ್ಮ ಹೊಲದಲ್ಲಿ ಎರಡು ಬಗೆಯ ಜೋಳ ಬಿತ್ತಿ ಪರೀಕ್ಷೆ ಮಾಡುತ್ತಿದ್ದರು. ಅವರೇ ನನಗೆ ಹೇಳಿದ್ದು:

"ಅಹೋ ಅಣ್ಣಾ, ನಿಮ್ಮ ಹೊಲ ಮ್ಯಾಲ ಕಲ್ಲುಮಣ್ಣಿನ ಗರಸು, ಕೆಳಗ ಕಪ್ಪು ಎರಿ. ಒಂದು ಬೀಜ ಮ್ಯಾಲ, ಇನ್ನೊಂದು ಕೆಳಗ ಬಿತ್ತಿದ್ರ ಗೆದ್ದದ್ದು ಬೀಜೋ ಮಣ್ಣೋ ಹ್ಯಾಂಗ ತಿಳೀಬೇಕು? ಅದಕ್ಕ ಒಂದs ನಮೂನಿ ಮಣ್ಣಿನ ಪಟ್ಟಿ ಮಾಡಬೇಕು. ಅದಕ್ಕ ಬ್ಲಾಕ್ ಅಂತಾರ. ಪ್ರತಿ ಬ್ಲಾಕಿನ್ಯಾಗ ಎರಡೂ ಬೀಜ ಬೀಳಬೇಕು. ಎಡಕ್ಕ ಯಾವುದು, ಬಲಕ್ಕ ಯಾವುದು ಅನ್ನೂದನ್ನ ನಾಣ್ಯಾ ಹಾರಿಸಿ ನೋಡಬೇಕು. ಇದನ್ನ ಮರೀಬ್ಯಾಡ್ರಿ!"

ನಾನು ನೆತ್ತಿ ತುರಿಸಿಕೊಂಡೆ. ಅಲ್ಲೇ ಜ್ಞಾನೋದಯ! ನನ್ನ ತಲೆ ಗರಸು, ನನ್ನ ಇಬ್ಬರು ತಮ್ಮಂದಿರ ತಲೆ ಎರೆ, ಸಿದ್ರಾಮನದು ಪಾಳುಬಿದ್ದ ಹೊಲ. ಒಂದೊಂದು ತಲೆ ಒಂದೊಂದು ಬ್ಲಾಕು! ಪ್ರತಿ ತಲೆಯಲ್ಲೂ ಅರ್ಧಕ್ಕೆ ನನ್ನ ಎಣ್ಣೆ, ಇನ್ನರ್ಧಕ್ಕೆ ಅತ್ತೆಯದು. ನಾಣ್ಯ ಯಾಕೆ? ನನ್ನದು ಶುಭಕ್ಕಿರಲಿ ಎಂದು ಎಲ್ಲರಿಗೂ ಬಲಕ್ಕೆ, ಅತ್ತೆಯದು ಎಡಕ್ಕೆ ಎಂದು ಸಾರಿಬಿಟ್ಟೆ.

ಬಿತ್ತುವ ಮೊದಲು ಹೊಲ ಹಸನು ಮಾಡಬೇಕಲ್ಲ? ನಾಲ್ವರೂ ಕ್ಷೌರದ ಭೀಮಣ್ಣನ ಮುಂದೆ ಸಾಲಾಗಿ ಕೂತೆವು. ಪೂರ್ತಿ ಬೋಳಿಸು ಎಂದಾಗ ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, "ಧೈರ್ಯಾ ತಗೋರಿ ಅಣ್ಣಾ," ಎಂದ. ಕತ್ತಿ ಹೊಸದಿರಬೇಕು ಎಂದುಕೊಂಡೆ. ಮಧ್ಯಾಹ್ನ ಪಕ್ಕದ ಮನೆಯ ಶಾಂತಕ್ಕ ಕಣ್ಣೊರೆಸಿಕೊಳ್ಳುತ್ತ ಬುಟ್ಟಿ ತುಂಬ ಜುಣಕ-ರೊಟ್ಟಿ ತಂದಿಟ್ಟಳು. ವಿಜ್ಞಾನಕ್ಕೆ ಊರಿನ ಕಾಣಿಕೆ ಎಂದು ಪಟ್ಟಾಗಿ ಉಂಡೆ.

ನಮ್ಮ ಕಡೆ ಮನೆಯ ಗಂಡಸರೆಲ್ಲ ಒಟ್ಟಿಗೆ ತಲೆ ಬೋಳಿಸಿಕೊಳ್ಳುವುದು ಹಿರಿಯರು ಸತ್ತಾಗ ಮಾತ್ರ. ಇದು ನನಗೆ ನೆನಪಾದದ್ದು ಅಂಗಳದಲ್ಲಿ ಹೆಂಗಸರು ಎದೆ ಬಡಿದುಕೊಂಡು ಅಳತೊಡಗಿದಾಗ! ನಮ್ಮಪ್ಪ ಎರಡು ದಿನದ ಹಿಂದೆ ದೇವರ ದರ್ಶನಕ್ಕೆಂದು ಅಕ್ಕಲಕೋಟೆಗೆ ಹೋಗಿದ್ದ. ಅಪ್ಪ ಕಾಣುತ್ತಿಲ್ಲ, ಮಕ್ಕಳು ಬೋಳು. ಊರು ಲೆಕ್ಕ ಹಾಕಿತು.

"ಅಪ್ಪ ಜೀವಂತ ಅದಾನ್ರಿ! ಅಕ್ಕಲಕೋಟಿಗಿ ಹೋಗ್ಯಾನ!" ಎಂದು ಕೂಗಿದೆ.

"ಸಾಕು ಮಾಡೋ! ಇಂಥಾದ್ರಾಗೂ ಚಾಷ್ಟಿ ಏನು ನಿಂದು?" ಎಂದು ಶಾಂತಕ್ಕ ಗದರಿಸಿದಳು.

ಜೀವನದಲ್ಲಿ ಒಮ್ಮೆ ನಿಜ ಹೇಳಿದೆ, ಯಾರೂ ನಂಬಲಿಲ್ಲ. ಅಷ್ಟರಲ್ಲಿ ಗಾಡಿ ಕಟ್ಟಿಸಿಕೊಂಡು ತಡವಳದ ಗೌಡರೂ ಬಂದರು. ನನ್ನ ಕೈ ಹಿಡಿದು, "ಸೂತಕದ ಮನಿ. ಲಗ್ನದ ಮಾತು ಈ ವರ್ಷ ಬ್ಯಾಡ," ಎಂದರು. ಸಿದ್ರಾಮ ಈಗ ನಿಜವಾಗಿಯೂ ಅಳತೊಡಗಿದ!

ಆಗ ಸಂಜೆಯ ಬಸ್ಸಿನಿಂದ ಅಪ್ಪ ಇಳಿದು ಬಂದ. ಮನೆ ಮುಂದೆ ಜನ, ಅಳು, ಬೋಳು ತಲೆಗಳು. ಪ್ರಸಾದದ ಗಂಟು ಅಲ್ಲೇ ಚೆಲ್ಲಿ, "ಅಯ್ಯೋ, ಯಾರು ಹೋದ್ರೋ ನನ್ನ ಬಿಟ್ಟು!" ಎಂದು ಎಲ್ಲರಿಗಿಂತ ಜೋರಾಗಿ ಅತ್ತ.

"ನೀನs ಹೋಗೀಯಪ್ಪಾ," ಎಂದೆ.

ಮುಂದೆ ಅವನ ಕೋಲು ಮಾತಾಡಿತು. ಗೌಡರು ನಗಲಿಲ್ಲ. "ಇಂಥಾ ಚಾಷ್ಟಿ ಮನಿತನಕ್ಕ ಹೆಣ್ಣು ಹ್ಯಾಂಗ ಕೊಡೂದು? ಕೂದಲಾ ಬಂದ ಮ್ಯಾಲ ಹುಡುಗನ್ನ ಕರಕೊಂಡ ಬರ್ರಿ. ನನ್ನ ಮಗಳು ನೋಡಿ ಹೇಳ್ಲಿ," ಎಂದು ಗಾಡಿ ಹತ್ತಿದರು.

ಎರಡು ತಿಂಗಳು ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಕೊನೆಗೆ ದೇಶಮುಖರು ಪಟ್ಟಿ ಹಿಡಿದು ಅಳೆದರು.

"ತಲಿಗಿ ತಲಿ ಹೋಲಿಸಬ್ಯಾಡ್ರಿ. ಒಂದs ತಲಿಯೊಳಗ ಬಲಕ್ಕೂ ಎಡಕ್ಕೂ ಫರಕು ಎಷ್ಟು, ಅದನ್ನ ನೋಡ್ರಿ."

ನೋಡಿದರೆ ನಾಲ್ಕೂ ತಲೆಯಲ್ಲಿ ಬಲಗಡೆಯೇ ಸೊಂಪು! ನಾನು ಅಂಗಳದಲ್ಲಿ ಕುಣಿದೆ. ಅತ್ತೆಗೆ ಸುದ್ದಿ ಮುಟ್ಟಿಸಲು ಹೊರಟೇಬಿಟ್ಟಿದ್ದೆ.

"ತಡೀರಿ ಅಣ್ಣಾ. ನಾಣ್ಯಾ ಹಾರಿಸಿದ್ರೇನು?"

"ಯಾಕ್ರಿ? ನಂದು ಬಲಕ್ಕ. ಶುಭ!"

"ಮಧ್ಯಾಹ್ನ ಉಂಡು ಯಾವ ಮಗ್ಗಲಾ ಮಲಗತೀರಿ?"

"ನಾಲ್ಕೂ ಮಂದಿ ಎಡಮಗ್ಗಲಾ. ವಾಮಕುಕ್ಷಿ ನಮ್ಮ ಮನಿತನದ..."

ಗಂಗವ್ವ ಒಳಗೆ ಹೋಗಿ ನಾಲ್ಕು ದಿಂಬು ತಂದು ನನ್ನ ಮುಂದೆ ಒಗೆದಳು. ಎಲ್ಲವೂ ಎಣ್ಣೆ ಕುಡಿದು ಕರ್ರಗಾಗಿದ್ದವು, ಉದುರಿದ ಕೂದಲು ಅಂಟಿದ್ದವು.

"ನಮ್ಮವ್ವನ ಎಣ್ಣಿ ನಿಮ್ಮ ದಿಂಬು ಕುಡದಾವ್ರಿ!"

"ಹಂಗಾರ ದಿಂಬಿಗರೆ ಕೂದಲಾ ಬರಬೇಕಿತ್ತಲ್ಲ?" ಎಂದೆ. ಮತ್ತೊಂದು ದಿಂಬು ಮುಖಕ್ಕೇ ಬಿತ್ತು.

ದೇಶಮುಖರು ನಿಟ್ಟುಸಿರು ಬಿಟ್ಟರು. "ನಿಮ್ಮ ಎಣ್ಣಿ ಗೆದ್ದದೋ, ದಿಂಬು ಸೋಲಿಸ್ಯಾದೋ, ದೇವರಿಗೂ ಹೇಳಾಕಾಗಂಗಿಲ್ಲ."

ಸಿದ್ರಾಮನ ಟೋಪಿಯನ್ನು ಎಡಕ್ಕೆ ವಾಲಿಸಿ ತಡವಳಕ್ಕೆ ಕರೆದೊಯ್ದೆವು. ಗೌಡರ ಮಗಳು ಕಸ್ತೂರಿ ಚಹಾ ಇಟ್ಟವಳೇ, "ಟೋಪಿ ತಗೀರಿ," ಎಂದಳು. ತೆಗೆದ. ಬಲಕ್ಕೆ ಪೈರು, ಎಡಕ್ಕೆ ಬರಗಾಲ!

"ಯಾರು ಮಾಡಿದ್ದು ಇದನ್ನ?"

"ನಮ್ಮ ಮಾಮಾ."

"ನೀವು ಸುಮ್ನ ಕುಂತ್ರಿ?"

"ಮಾಮಾ ಹೇಳ್ಯಾರಂತ ಕುಂತೆ."

ಹುಡುಗಿ ಸೆರಗು ಬಾಯಿಗಿಟ್ಟು ನಕ್ಕಳು, ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಮಾಮಾನ ಮಾತಿಗಿ ತಲೀನs ಕೊಟ್ಟಾರ. ಹೆಂಡ್ತಿ ಮಾತು ಹ್ಯಾಂಗ ಮೀರ್ತಾರ? ನನಗ ಒಪ್ಪಿಗಿ ಅದ."

ಮದುವೆ ನನ್ನ ಎಣ್ಣೆಯಿಂದಲೇ ಆಯಿತೆಂದು ನಾನು ಇಂದಿಗೂ ಹೇಳಿಕೊಂಡು ತಿರುಗುತ್ತೇನೆ. ನಾಣ್ಯ ಹಾರಿಸಿ ಇನ್ನೊಮ್ಮೆ ಪ್ರಯೋಗ ಮಾಡೋಣವೆಂದರೆ ತಲೆ ಕೊಡುವವರು ಸಿಗಲಿಲ್ಲ. ನನ್ನ ತಲೆಯೊಂದೇ ಉಳಿಯಿತು. ದಿನಾ ಒಂದು ಕಡೆ ನನ್ನ ಎಣ್ಣೆ, ಇನ್ನೊಂದು ಕಡೆ ಅತ್ತೆಯದು, ಮಲಗುವುದು ಅಂಗಾತ. ಈ ಸಲ ಫಲಿತಾಂಶದಲ್ಲಿ ಯಾವ ಅನುಮಾನವೂ ಇಲ್ಲ, ಎರಡೂ ಎಣ್ಣೆ ಸಮಸಮ.

ಎರಡೂ ಕಡೆ ಒಂದು ಕೂದಲೂ ಇಲ್ಲ!