ಜನವರಿ ಹದಿನೇಳು

ಮಾಲೀಕರಿಗೆ ಬಳ್ಳಾರಿಯಲ್ಲಿ ಕೂತಲ್ಲೇ ಒಂದು ಯೋಚನೆ ಹೊಳೆದದ್ದೇ ರಾಮಾಂಜಿನಿಯ ಗ್ರಹಚಾರ. ಸಿರುಗುಪ್ಪದ ತಮ್ಮ ಅಕ್ಕಿ ಗಿರಣಿಯ ಅರವತ್ತೂ ಜನರಿಗೆ ಹುಟ್ಟುಹಬ್ಬದ ದಿನ ಸಿಹಿ ಕಳಿಸಬೇಕಂತೆ. ಸಂಜೆ ಐದರೊಳಗೆ ತಾರೀಕುಗಳ ಪಟ್ಟಿ ಬೇಕು. ಒಂದು ತಾರೀಕು ಒಂದೇ ಸಲ ಬರಬೇಕು, ಜನವರಿಯಿಂದ ಸಾಲಾಗಿ.

ಕಂಪ್ಯೂಟರ್ ಆಪರೇಟರ್ ರಾಮಾಂಜಿನಿಗೆ ಇದು ಡೇಟಾಬೇಸನ್ನು ಕೇಳುವ ಒಂದು ಸಾಲಿನ ಪ್ರಶ್ನೆ, ಅಂದರೆ ಕ್ವೆರಿ. ಹೊಡೆದ. ಬಂದದ್ದು ಎರಡೇ ತಾರೀಕು: ಜನವರಿ 17, ಜೂನ್ 1. ಒಂದೇ ಸಲ ತೋರಿಸುವ 'ಡಿಸ್ಟಿಂಕ್ಟ್' ತೆಗೆದರೆ ಜೂನ್ 1 ಐವತ್ತೊಂಬತ್ತು ಸಲ ಬಂತು. ಹಾಕಿದರೆ ಮತ್ತೆ ಅದೇ ಎರಡು. ಅವನ ಕಾಂಟ್ರಾಕ್ಟ್ ನವೀಕರಣದ ಕಾಗದ ಬೇರೆ ಮ್ಯಾನೇಜರ್ ಮಾರೆಣ್ಣನ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಮಾರೆಣ್ಣ ಪಟ್ಟಿ ನೋಡಿ ಕೆಂಡವಾದ. "ಜೂನ್ ಒಂದು ನನ್ನ ಹುಟ್ಟಿದ ದಿನ ಐತಲೇ! ಅದನ್ನ ಎಲ್ಲಾರಿಗೂ ಪ್ರಸಾದ ಹಂಚಿದಂಗ ಹಂಚೀಯೇನು? ಐದರೊಳಗ ಸರಿ ಮಾಡು. ಇಲ್ಲಂದ್ರ ನಾಳಿಂದ ಬರಬ್ಯಾಡ."

ಪಾಪ, ರಾಮಾಂಜಿನಿ ಬಿಸಿಲಲ್ಲಿ ಗಿರಣಿಯೆಲ್ಲ ಅಲೆದು ಒಬ್ಬೊಬ್ಬರನ್ನೇ ಕೇಳಿದ. ಹಮಾಲರ ಮೇಸ್ತ್ರಿ ಓಬಣ್ಣ, "ಹೊಳಿ ತುಂಬಿ ಬಂದಾಗ ಹುಟ್ಟೀನಂತ" ಎಂದ. ಕಸ ಗುಡಿಸುವ ಲಾಲಬೀ, "ರಂಜಾನ್ ಆಗಿ ಎಂಟು ದಿನಕ್ಕ. ಬರ್ಕೋ ಮತ್ತ" ಎಂದಳು. ಅವನ ಡೇಟಾಬೇಸಿನಲ್ಲಿ ಅಂಥ ಕಾಲಮ್ಮೇ ಇರಲಿಲ್ಲ. ಕೊನೆಗೆ ಇಬ್ಬರನ್ನೂ ಸಾಕ್ಷಿಗೆಂದು ಮ್ಯಾನೇಜರ್ ಮುಂದೆ ನಿಲ್ಲಿಸಿದ.

"ಸಾಲಿಗೆ ಹಾಕುವಾಗ ಮಾಸ್ತರು ಎಲ್ಲಾರಿಗೂ ಜೂನ್ ಒಂದನ್ನ ಬರದಾರ್ರಿ," ಎಂದ ಓಬಣ್ಣ.

"ನಂದು ಮಾತ್ರ ಖರೇನ ಜೂನ್ ಒಂದು!" ಎಂದ ಮಾರೆಣ್ಣ.

"ನೀವೂ ನಮ್ಮ ಸಾಲ್ಯಾಗ ಓದಿದವ್ರ ಅಲ್ಲೇನ್ರಿ? ಅದ ಮಾಸ್ತರು, ಅದ ಪೆನ್ನು."

ಲಾಲಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾರೆಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. "ಹಂಗಾದ್ರ ಜೂನ್ ಒಂದು ಸರಿ ಐತಿ" ಎಂದ. ರಾಮಾಂಜಿನಿಗೆ ಹೋದ ಜೀವ ಬಂದಂತಾಯಿತು.

"ಮತ್ತ ಈ ಜನವರಿ ಹದಿನೇಳು ಯಾವನ್ದು?"

"ನಂದ್ರಿ ಸರ್," ಎಂದ ರಾಮಾಂಜಿನಿ. " ಬಳ್ಳಾರಿ ದವಾಖಾನ್ಯಾಗ ಹುಟ್ಟೀನಿ. ಸರ್ಟಿಫಿಕೇಟ್ ಐತ್ರಿ."

"ಐವತ್ತೊಂಬತ್ತು ಮಂದಿಗೆ ಇಲ್ಲದ್ದು ನಿನಗೊಬ್ಬಗ ಐತೇನು? ತಪ್ಪು ಇದ ನೋಡು! ತಿದ್ದು."

ಹೊಟ್ಟೆಪಾಡು! ರಾಮಾಂಜಿನಿ ತನ್ನ ಹುಟ್ಟನ್ನು ತಾನೇ ತಿದ್ದಿದ. ಕ್ವೆರಿ ಮತ್ತೆ ಹೊಡೆದ. ಒಂದೇ ತಾರೀಕು ಬಂತು, ಸಾಲಾಗಿ ಜೋಡಿಸಲು ಏನೂ ಉಳಿದಿರಲಿಲ್ಲ. ಐದಕ್ಕೆ ಐದು ನಿಮಿಷವಿರುವಾಗ ಬಳ್ಳಾರಿಗೆ ಕಳಿಸಿದ.

ಸರಿಯಾಗಿ ಐದಕ್ಕೆ ಫೋನು ಬಂತು. ಮಾರೆಣ್ಣ ಎದ್ದು ನಿಂತೇ ಮಾತಾಡಿದ. "ಹೂನ್ರಿ ಸರ್... ಒಂದ ತಾರೀಕು ರೀ... ಇಲ್ರಿ, ನಾ ಅಲ್ರಿ, ಕಂಪ್ಯೂಟರ್ ಹುಡುಗ ಮಾಡ್ಯಾನ್ರಿ... ಆತ್ರಿ, ತಗದಬಿಡ್ತೀನ್ರಿ."

ಫೋನಿಟ್ಟು, ನವೀಕರಣದ ಕಾಗದವನ್ನು ನಾಲ್ಕು ಮಡಿಕೆ ಮಾಡಿದ.

"ಇನ್ನೊಂದು ತಾರೀಕು ಇದ್ದಿದ್ರ ನಂಬ್ತಿದ್ನಿ ಅಂದ್ರಲೇ ಮಾಲೀಕರು."