ಹೊಸಬರಿಗೆ ಬೈಗುಳ ಸಹಿತ ಸಲಹೆ

ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಯ ಯಜಮಾನರಿಗೆ ಆ ಬೆಳಿಗ್ಗೆ ಮೋಟಾರಿಗಿಂತ ಮೊದಲು ತಲೆ ಸುಟ್ಟಿತ್ತು. ಅಂಗಡಿಯ ಕಂಪ್ಯೂಟರಿಗೆ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ, ಅದರೊಂದಿಗೆ ಗುದ್ದಾಡಿ ಗೆದ್ದವರು ಅವರು. ಅದನ್ನು ಬಳಸುವವರ ಇಂಟರ್ನೆಟ್ ಗುಂಪಿನಲ್ಲಿ "ಹೊಸಬರಿಗೆ ಯಾರಾದರೂ ಸಲಹೆ ಬರೆದುಕೊಡಿ" ಎಂಬ ಕೋರಿಕೆ ಬಂದಾಗ, ನಾನಿದ್ದೇನೆ ಎಂದರು. ಅದಕ್ಕೊಬ್ಬ ಮಹಾಶಯ, "ತಾವು ಎಲ್ಲಿಯವರೆಗೆ ಓದಿದ್ದೀರಿ?" ಎಂದು ಕೇಳಿಬಿಟ್ಟಿದ್ದ.

"ಏಳನೇ ಕ್ಲಾಸು ಅಂತ ಬರಿ," ಎಂದರು ಹೆಂಡತಿಗೆ. "ಅದ್ರಲ್ಲೇ ಎರಡು ವರ್ಷ ಕೂತಿದ್ದೀನಿ, ಬೇಕಾದ್ರೆ ಎಂಟು ಅಂತ ಇಟ್ಕೊಳ್ಳಲಿ. ಸಲಹೆ ಬರೆದೇ ಬರೀತೀನಿ. ಯಾವ ಗಂಡು ತಡೀತಾನೋ ನೋಡ್ತೀನಿ."

(ಬರೆಯುವುದೆಂದರೆ ಅವರು ಹೇಳುವುದು, ಹೆಂಡತಿ ಟೈಪು ಮಾಡುವುದು. ವಾರ್ನಿಷ್ ಮೆತ್ತಿದ ಅವರ ಬೆರಳು ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದವೂ ಬಿಟ್ಟಿಯಾಗಿ ಬರುತ್ತಿದ್ದವು.)

"ಬರ್ಕೋ. ಮೊದಲು ಹಳೇ ಫೈಲುಗಳನ್ನ ಪೆನ್‌ಡ್ರೈವಿಗೆ ಹಾಕಿ ಇಟ್ಕೋ. ಇಟ್ಕೊಳ್ದೆ ಆಮೇಲೆ ಬಂದು ಗೋಳಾಡೋ ಕತ್ತೆಗೆ ನಾನು ಜವಾಬ್ದಾರನಲ್ಲ."

"ರೀ, ಕತ್ತೆ ಬೇಕಾ?"

"ಬೇಕು. ಕತ್ತೆ ಇಲ್ದಿದ್ರೆ ಸಲಹೆಗೆ ತೂಕ ಎಲ್ಲಿ? ನನ್ನ ಗುರು ಬೈದೂ ಬೈದೂ ನನಗೆ ವೈಂಡಿಂಗ್ ಕಲಿಸಿದ. ಮುದ್ದು ಮಾಡಿ ಕಲಿಸಿದ್ರೆ ಇವತ್ತಿಗೂ ಫ್ಯಾನ್ ಒರೆಸ್ತಾ ಇರ್ತಿದ್ದೆ."

ಹೆಂಡತಿ ತಲೆಯಾಡಿಸಿ ಟಕಟಕ ಒತ್ತಿದಳು. 'ವೈಂಡಿಂಗ್ ಮೇಷ್ಟ್ರು' ಎಂಬ ಹೆಸರಿನಲ್ಲಿ ಸಲಹೆ ಲೋಕಾರ್ಪಣೆಯಾಯಿತು. ಬರೆದದ್ದನ್ನು ಅವರು ಮತ್ತೆ ಓದಲಿಲ್ಲ. ಸುತ್ತಿ ಮುಗಿಸಿದ ಮೋಟಾರನ್ನು ಬಿಚ್ಚಿ ನೋಡುವವನು ಕಸುಬುದಾರನೇ ಅಲ್ಲ ಎಂಬುದು ಅವರ ಸಿದ್ಧಾಂತ.

ಹೊಗಳಿಕೆ ಹರಿದು ಬಂತು. ಹೆಂಡತಿ ಓದಿ ಹೇಳುತ್ತಿದ್ದಳು, ಅವರು ಮೀಸೆ ತಿರುವುತ್ತಿದ್ದರು. "ನೋಡಿದ್ಯಾ? ನಾಲ್ಕು ಬೈದ್ರೇನೇ ಜನಕ್ಕೆ ತಲೆಗೆ ಹೋಗೋದು. ಓದಿದೋರಿಗೆ ಇದು ಗೊತ್ತಾಗಲ್ಲ."

ಹೀಗಿರಲು ಹೆಂಡತಿ ತಂಗಿಯ ಮನೆಗೆ ಹೋದ ದಿನ ಗುಂಪಿನಲ್ಲಿ ಹೊಸಬನೊಬ್ಬ ಕೇಳಿದ: "ಮೇಷ್ಟ್ರೇ, ಆಜ್ಞೆ ಟೈಪು ಮಾಡುವ ಆ ಕಪ್ಪು ಕಿಟಕಿಯಲ್ಲಿ ಪಾಸ್‌ವರ್ಡ್ ಒತ್ತಿದರೆ ಏನೂ ಮೂಡುತ್ತಿಲ್ಲ. ಕೀಬೋರ್ಡ್ ಕೆಟ್ಟಿದೆಯೇ?"

ಯಜಮಾನರು ಒಂಟಿ ಬೆರಳಿನಿಂದ, ಬೆವರು ಸುರಿಸಿ, ಸ್ವಹಸ್ತದಿಂದ ಉತ್ತರಿಸಿದರು: "ಕೀಬೋರ್ಡ್ ನೆಟ್ಟಗಿದೆ. ಕೆಟ್ಟಿರೋದು ನಿನ್ನ ತಲೆ. ಪಾಸ್‌ವರ್ಡ್ ಯಾರಿಗೂ ಕಾಣಬಾರದು ಅಂತಲೇ ಹಾಗೆ ಮಾಡಿರೋದು. ಬಾಯಿ ಮುಚ್ಕೊಂಡು ಪೂರ್ತಿ ಒತ್ತಿ ಎಂಟರ್ ಹೊಡಿ, ಕತ್ತೆ."

ಚಹಾ ಕುಡಿದು ಬರುವಷ್ಟರಲ್ಲಿ ಗುಂಪಿನ ಮುಖ್ಯಸ್ಥನ ಪ್ರಕಟಣೆ ಬಿದ್ದಿತ್ತು: "ನಮ್ಮೆಲ್ಲರ ಪ್ರೀತಿಯ ವೈಂಡಿಂಗ್ ಮೇಷ್ಟ್ರ ಖಾತೆಯನ್ನು ಯಾರೋ ಪುಂಡ ಕದ್ದಿದ್ದಾನೆ. ಅಂಥ ಸಾಧು ಮನುಷ್ಯರ ಹೆಸರಿಗೆ ಮಸಿ ಬಳಿಯಲು ಬಿಡುವುದಿಲ್ಲ. ಖಾತೆ ಮುಚ್ಚಿದ್ದೇವೆ. ನಿಜವಾದ ಮೇಷ್ಟ್ರು ದಯವಿಟ್ಟು ಫೋನ್ ಮಾಡಬೇಕು." ಕೆಳಗೆ ನಂಬರು.

ಯಜಮಾನರಿಗೆ ಪಿತ್ತ ನೆತ್ತಿಗೇರಿತು. ತಾನು ಮೊದಲಿನಿಂದಲೂ ಬೈಯುವವನೇ ಎಂದು ಸಾಬೀತು ಮಾಡಲು ತಮ್ಮ ಸಲಹೆಯನ್ನು ಮೊದಲ ಬಾರಿಗೆ ತೆರೆದು ಓದಿದರು. "ಮೊದಲು ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಉಳಿಸಿಕೊಳ್ಳಿ. ಮರೆತರೆ ನಾಚಿಕೆಪಡಬೇಡಿ. ನಾನೂ ಮರೆತು, ಮೂಲೆಯಲ್ಲಿ ಕೂತು ಅತ್ತವನೇ." ಹುಡುಕಿದರು, ತಡಕಾಡಿದರು. ಇಡೀ ಬರಹದಲ್ಲಿ ಒಂದು ಕತ್ತೆಯೂ ಇಲ್ಲ.

ಸಂಜೆ ಹೆಂಡತಿ ಚಪ್ಪಲಿ ಬಿಡುವ ಮುಂಚೆಯೇ ನಡೆದದ್ದನ್ನೆಲ್ಲ ಒದರಿ ವಿಚಾರಣೆ ಶುರು ಮಾಡಿದರು.

"ನಾನು ಅತ್ತೆ ಅಂತ ಊರಿಗೆಲ್ಲ ಸಾರಿದ್ಯಲ್ಲೇ?"

"ಅತ್ತಿರಲಿಲ್ವಾ?"

"ಅದು ಮನೆ ವಿಷಯ. ನನ್ನ ಬೈಗುಳ ಎಲ್ಲಿ ಹೋದ್ವು?"

"ಅಂಗಡಿ ಶುರುವಾದಾಗಿಂದ ಗಿರಾಕಿಗಳ ಹತ್ರ ಫೋನಲ್ಲಿ ಮಾತಾಡೋಳು ನಾನು. ನೀವು ಹಿಂದೆ ನಿಂತು 'ಆ ದರಿದ್ರದೋನಿಗೆ ಹೇಳು' ಅಂತೀರಿ, ನಾನು 'ಅಣ್ಣಾ, ನಾಳೆ ಬನ್ನಿ' ಅಂತೀನಿ. ಅದೇ ಅಭ್ಯಾಸ ಕೈಗೂ ಬಂದಿದೆ."

"ಇವತ್ತು ನಾನೇ ಮಾತಾಡ್ತೀನಿ. ಮೇಷ್ಟ್ರು ಯಾರು ಅನ್ನೋದು ಇತ್ಯರ್ಥ ಆಗ್ಬೇಕು," ಎಂದು ಮುಖ್ಯಸ್ಥನಿಗೆ ಫೋನ್ ಹಚ್ಚಿದರು. "ಏನ್ರೀ, ನನ್ನ ಖಾತೇನ ನನ್ನಿಂದಲೇ ಕಾಪಾಡೋಕೆ ನೀವ್ಯಾರ್ರೀ? ಬರೆದೋನು ನಾನು. ಬೈಯೋನೂ ನಾನೇ. ಕ್ಷಮಾಪಣೆ ಕೇಳಲ್ಲ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ."

ಆ ಕಡೆಯಿಂದ ಅತಿ ವಿನಯದ ದನಿ: "ಸ್ವಾಮಿ, ದಯವಿಟ್ಟು ಮೇಷ್ಟ್ರ ಕೈಗೆ ಫೋನ್ ಕೊಡ್ತೀರಾ?"

ಹೆಂಡತಿ ಫೋನನ್ನು ಮೆಲ್ಲಗೆ ಗಂಡನ ಕೈಯಿಂದ ಬಿಡಿಸಿಕೊಂಡಳು. "ನಮಸ್ಕಾರ ಅಣ್ಣಾ. ಊಟ ಆಯ್ತಾ? ಪಾಪ, ಆ ಹುಡುಗನ ಪಾಸ್‌ವರ್ಡ್ ಸರಿಹೋಯ್ತಾ?"

"ಅಮ್ಮಾ, ಮೇಷ್ಟ್ರು ನೀವೇನಾ? ಮಾತು ಕೇಳಿದ ಕೂಡ್ಲೆ ಗೊತ್ತಾಯ್ತು ಬಿಡಿ. ಖಾತೆ ಈಗಲೇ ಮತ್ತೆ ತೆರೀತೀವಿ. ಅದ್ಸರಿ, ಅಲ್ಲಿ ಕೂಗಾಡ್ತಿದ್ರಲ್ಲ, ಯಾರಮ್ಮಾ ಅವ್ರು?"

ಹೆಂಡತಿ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಅವ್ರಾ? ನಮ್ಮ ಅಂಗಡಿಯೋರೇ. ಹೊಸಬರು. ಈಗೀಗ ಕಲೀತಿದ್ದಾರೆ."